ಮನೆಯ ವೈ-ಫೈ ರೂಟರ್: ಸುರಕ್ಷತೆ ಮತ್ತು ಸಮರ್ಪಕ ನಿರ್ವಹಣೆ
ಸಾರ್ವಜನಿಕರ ಮಾಹಿತಿಗಾಗಿ

ನಗರ ಮತ್ತು ಪಟ್ಟಣಗಳಲ್ಲಿ ಮಾತ್ರವಲ್ಲದೆ ಗ್ರಾಮಾಂತರ ಪ್ರದೇಶಗಳಲ್ಲಿಯೂ ಮನೆಗೆ ಅಂತರ್ಜಾಲ ಸಂಪರ್ಕ ಪಡೆಯುವುದು ಇಂದು ಸಾಮಾನ್ಯವಾಗಿದೆ. ಮಕ್ಕಳ ವಿದ್ಯಾಭ್ಯಾಸ, ಬ್ಯಾಂಕ್ ವ್ಯವಹಾರ, ವಿದ್ಯುತ್ ಬಿಲ್ಲಿನ ಪಾವತಿ, ಪಹಣಿಯ ಪ್ರತಿ ಪಡೆಯುವುದು ಮುಂತಾದ ಅನೇಕ ಕಾರ್ಯಗಳು ಈ ಸಂಪರ್ಕದ ಮೂಲಕವೇ ನೆರವೇರುತ್ತಿವೆ. ಈ ಎಲ್ಲ ವ್ಯವಹಾರಗಳೂ ಹಾದುಹೋಗುವ ದ್ವಾರವೆಂದರೆ ಮನೆಯ ಒಂದು ಮೂಲೆಯಲ್ಲಿ ದೀಪ ಮಿನುಗಿಸುತ್ತಾ ಕುಳಿತಿರುವ ರೂಟರ್ ಎಂಬ ಚಿಕ್ಕ ಪೆಟ್ಟಿಗೆ. ಅಳವಡಿಸಿದ ದಿನದ ನಂತರ ಇದರತ್ತ ಗಮನ ಹರಿಸುವವರು ವಿರಳ. ಸಂಪರ್ಕ ನಿಂತಾಗ ಮಾತ್ರ ಇದರ ನೆನಪಾಗುವುದು.

ರೂಟರನ್ನು ಸುಭದ್ರವಾಗಿಯೂ ಸುಸ್ಥಿತಿಯಲ್ಲಿಯೂ ಇಟ್ಟುಕೊಳ್ಳುವ ಬಗೆಯನ್ನು ಸಾಮಾನ್ಯ ಗ್ರಾಹಕರಿಗೆ ತಿಳಿಯಪಡಿಸುವುದು ಈ ಲೇಖನದ ಉದ್ದೇಶ. ಇಲ್ಲಿ ಸೂಚಿಸಿರುವ ಕ್ರಮಗಳಿಗೆ ತಾಂತ್ರಿಕ ಪರಿಣತಿ ಬೇಕಿಲ್ಲ, ಹೆಚ್ಚಿನವುಗಳಿಗೆ ಹಣವೂ ಬೇಕಿಲ್ಲ. ಒಂದು ಭಾನುವಾರದ ಅರ್ಧ ಗಂಟೆ ಸಾಕು.

1. ರೂಟರ್‌ನ ಕಾರ್ಯವೇನು?

ಸೇವಾದಾರ ಸಂಸ್ಥೆಯು ಪ್ರತಿಯೊಂದು ಸಂಪರ್ಕಕ್ಕೂ ಹೊರಜಗತ್ತಿನಲ್ಲಿ ಗುರುತಿಸಬಹುದಾದ ಒಂದು ವಿಳಾಸವನ್ನು ನೀಡುತ್ತದೆ. ಇದಕ್ಕೆ ಐ.ಪಿ. ವಿಳಾಸವೆಂದು ಹೆಸರು. ಮನೆಯಲ್ಲಿ ಹತ್ತು ಉಪಕರಣಗಳಿದ್ದರೂ ಅವೆಲ್ಲವೂ ಹೊರಗೆ ವ್ಯವಹರಿಸುವುದು ಸಾಮಾನ್ಯವಾಗಿ ಈ ಒಂದೇ ವಿಳಾಸದಿಂದ. ಯಾವ ಉತ್ತರವು ಯಾವ ಉಪಕರಣಕ್ಕೆ ಸೇರಬೇಕೆಂದು ವಿಂಗಡಿಸಿ ತಲುಪಿಸುವುದು ರೂಟರ್‌ನ ಕೆಲಸ.

ಇದರ ಪರಿಣಾಮವನ್ನು ಗ್ರಾಹಕರು ಗಮನಿಸತಕ್ಕದ್ದು. ಮನೆಯೊಳಗಿನ ಯಾವ ವ್ಯಕ್ತಿ, ಯಾವ ಮೊಬೈಲ್ ಎಂಬುದು ಹೊರಗಿನವರಿಗೆ ಕಾಣುವುದಿಲ್ಲ. ಕಾಣುವುದು ವಿಳಾಸ ಮಾತ್ರ. ಆ ವಿಳಾಸವು ಯಾವ ದಿನ, ಯಾವ ಗಂಟೆಯಲ್ಲಿ ಯಾರ ಹೆಸರಿನ ಸಂಪರ್ಕದ್ದಾಗಿತ್ತು ಎಂಬ ದಾಖಲೆಯು ಸೇವಾದಾರರಲ್ಲಿರುತ್ತದೆ. ಇಂತಹ ದಾಖಲೆಗಳನ್ನು ಕನಿಷ್ಠ 2 ವರ್ಷ ಕಾಯ್ದಿರಿಸಬೇಕೆಂದು ಕೇಂದ್ರ ದೂರಸಂಪರ್ಕ ಇಲಾಖೆಯು 2021ರ ಡಿಸೆಂಬರ್‌ನಲ್ಲಿ ಪರವಾನಗಿ ಷರತ್ತುಗಳಿಗೆ ತಿದ್ದುಪಡಿ ಮಾಡಿತು. ಅಂದರೆ ಮನೆಯ ಸಂಪರ್ಕವು ಗ್ರಾಹಕರ ಹೆಸರಿನಲ್ಲಿರುವ ಒಂದು ಖಾತೆಯಿದ್ದಂತೆ. ಅದನ್ನು ಯಾರೇ ಬಳಸಲಿ, ಖರ್ಚು ಬೀಳುವುದು ಖಾತೆದಾರರ ಹೆಸರಿಗೇ.

2. ಅಲಕ್ಷ್ಯದ ಪರಿಣಾಮಗಳು

ಈ ಮಾತು ಕೇವಲ ಊಹೆಯಲ್ಲ ಎಂಬುದಕ್ಕೆ ಕೆಲವು ನಿದರ್ಶನಗಳನ್ನು ಇಲ್ಲಿ ನೀಡಲಾಗಿದೆ.

ಅ) 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಸ್ಫೋಟಗಳು ಸಂಭವಿಸುವುದಕ್ಕೆ ಸ್ವಲ್ಪ ಮುಂಚೆ ಮಾಧ್ಯಮ ಸಂಸ್ಥೆಗಳಿಗೆ ಬೆದರಿಕೆಯ ಮಿಂಚಂಚೆಯೊಂದು ತಲುಪಿತು. ಐ.ಪಿ. ವಿಳಾಸವನ್ನು ಬೆನ್ನುಹತ್ತಿದ ತನಿಖಾಧಿಕಾರಿಗಳು ಮೊದಲು ತಲುಪಿದ್ದು ನವಿ ಮುಂಬೈನ ಒಂದು ಮನೆಗೆ. ಅಲ್ಲಿನ ವೈ-ಫೈ ಸಂಪರ್ಕಕ್ಕೆ ಸೂಕ್ತ ಭದ್ರತೆ ಇರಲಿಲ್ಲ. ಸಂಪರ್ಕವನ್ನು ಅನ್ಯರು ದುರುಪಯೋಗಪಡಿಸಿಕೊಂಡಿದ್ದರೂ ವಿಚಾರಣೆಯನ್ನು ಮೊದಲು ಎದುರಿಸಬೇಕಾಗಿ ಬಂದದ್ದು ಆ ಮನೆಯವರು. ಅದೇ ವರ್ಷ ಇದೇ ಬಗೆಯ ಇನ್ನೂ ಕೆಲವು ಪ್ರಕರಣಗಳು ವರದಿಯಾದವು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈ ಸಂಪರ್ಕಗಳ ಭದ್ರತೆಯ ಬಗ್ಗೆ ಸೇವಾದಾರರಿಗೆ ಸೂಚನೆಗಳನ್ನು ಹೊರಡಿಸಿತು.

ಆ) 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶವು ರೂಟರ್‌ಗಳು ಮತ್ತು ಕಾವಲು ಕ್ಯಾಮೆರಾಗಳನ್ನು ಅಪಾರ ಸಂಖ್ಯೆಯಲ್ಲಿ ವಶಪಡಿಸಿಕೊಂಡಿತು. ಅದರ ಬಳಿಯಿದ್ದದ್ದು ಕಾರ್ಖಾನೆಯಲ್ಲಿಯೇ ನಮೂದಿಸಿ ಕಳುಹಿಸಿದ, 60ರಷ್ಟು ಬಳಕೆದಾರ ಹೆಸರು ಹಾಗೂ ಪಾಸ್‌ವರ್ಡ್‌ಗಳ ಒಂದು ಪಟ್ಟಿ ಮಾತ್ರ. ಆ ವರ್ಷದ ಅಕ್ಟೋಬರ್ 21ರಂದು ಇಂತಹ ಉಪಕರಣಗಳ ಮೂಲಕ ನಡೆದ ದಾಳಿಯಿಂದ ಅಮೆರಿಕದ ಹಲವು ಪ್ರಮುಖ ಜಾಲತಾಣಗಳು ಗಂಟೆಗಟ್ಟಲೆ ಸ್ಥಗಿತಗೊಂಡವು.

ಇ) ನಮ್ಮ ರಾಜ್ಯವೂ ಇದಕ್ಕೆ ಹೊರತಲ್ಲ. 2017ರ ಜುಲೈ ತಿಂಗಳ ಕೊನೆಯ ವಾರದಲ್ಲಿ ಬಿ.ಎಸ್.ಎನ್.ಎಲ್. ಸಂಸ್ಥೆಯ ಕರ್ನಾಟಕ ವೃತ್ತದಲ್ಲಿ ದುಷ್ಟ ತಂತ್ರಾಂಶವೊಂದರಿಂದ ಸುಮಾರು 60,000 ಮೋಡೆಮ್‌ಗಳು ಬಾಧಿತವಾದವೆಂದು ಪತ್ರಿಕೆಗಳಲ್ಲಿ ವರದಿಯಾಯಿತು. ಬಾಧೆಗೊಳಗಾದವು 'ಅಡ್ಮಿನ್' ಎಂಬ ಮೂಲ ಪಾಸ್‌ವರ್ಡನ್ನು ಬದಲಾಯಿಸದೆ ಉಳಿಸಿಕೊಂಡಿದ್ದ ಮೋಡೆಮ್‌ಗಳು. ಪಾಸ್‌ವರ್ಡ್ ಬದಲಾಯಿಸಿಕೊಳ್ಳುವಂತೆ ಸಂಸ್ಥೆಯು ಗ್ರಾಹಕರಿಗೆ ಸಲಹೆ ನೀಡಿತು.

ಈ ಮೂರು ಪ್ರಕರಣಗಳಲ್ಲಿಯೂ ಬೀಗವನ್ನು ಒಡೆದವರಿಲ್ಲ. ಬೀಗ ಹಾಕಿರಲಿಲ್ಲ, ಇಲ್ಲವೇ ಎಲ್ಲರಿಗೂ ಗೊತ್ತಿದ್ದ ಕೀಲಿಕೈಯೇ ಬಳಕೆಯಲ್ಲಿತ್ತು.

3. ಎರಡು ಕೀಲಿಕೈಗಳು

ರೂಟರ್‌ಗೆ ಒಂದಲ್ಲ, ಎರಡು ಪಾಸ್‌ವರ್ಡ್‌ಗಳಿರುತ್ತವೆ. ಇವುಗಳನ್ನು ಒಂದೇ ಎಂದು ಭಾವಿಸುವುದೇ ಬಹುಪಾಲು ತೊಂದರೆಗಳ ಮೂಲ.

ಮೊದಲನೆಯದು ವೈ-ಫೈ ಪಾಸ್‌ವರ್ಡ್. ಮೊಬೈಲ್ ಅಥವಾ ಗಣಕಯಂತ್ರವನ್ನು ಸಂಪರ್ಕಕ್ಕೆ ಸೇರಿಸುವಾಗ ಇದನ್ನು ನಮೂದಿಸುತ್ತೇವೆ. ಇದು ಮನೆಯ ಹೆಬ್ಬಾಗಿಲಿನ ಕೀಲಿಕೈಯಿದ್ದಂತೆ. ಎರಡನೆಯದು ಆಡಳಿತ ಪಾಸ್‌ವರ್ಡ್. ರೂಟರ್‌ನ ವ್ಯವಸ್ಥೆಗಳನ್ನೇ ಬದಲಾಯಿಸಲು ಇದು ಬೇಕು. ಇದು ತಿಜೋರಿಯ ಕೀಲಿಕೈ. ವೈ-ಫೈ ಪಾಸ್‌ವರ್ಡನ್ನು ಬದಲಾಯಿಸಿದವರೂ ಆಡಳಿತ ಪಾಸ್‌ವರ್ಡನ್ನು 'ಅಡ್ಮಿನ್' ಎಂದೇ ಬಿಟ್ಟಿರುವುದು ಸಾಮಾನ್ಯ.

ಆಡಳಿತ ಪುಟವನ್ನು ತೆರೆಯುವ ಕ್ರಮ ಹೀಗಿದೆ. ಮನೆಯ ವೈ-ಫೈಗೆ ಸೇರಿರುವ ಗಣಕಯಂತ್ರ ಅಥವಾ ಮೊಬೈಲ್‌ನ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಎಂದು ನಮೂದಿಸತಕ್ಕದ್ದು. ಸರಿಯಾದ ಸಂಖ್ಯೆ ಹಾಗೂ ಮೂಲ ಪಾಸ್‌ವರ್ಡ್ ಸಾಮಾನ್ಯವಾಗಿ ರೂಟರ್‌ನ ತಳಭಾಗದ ಚೀಟಿಯಲ್ಲಿ ಮುದ್ರಿತವಾಗಿರುತ್ತವೆ. ಕೆಲವು ತಯಾರಕರು ಇದಕ್ಕಾಗಿ ಮೊಬೈಲ್ ಆಪ್ ಒದಗಿಸಿರುತ್ತಾರೆ. ಪುಟ ತೆರೆದ ಕೂಡಲೇ ಆಡಳಿತ ಪಾಸ್‌ವರ್ಡನ್ನು ಬದಲಾಯಿಸುವುದೇ ಮೊದಲ ಕೆಲಸ.

ಆಡಳಿತ ಪಾಸ್‌ವರ್ಡ್ ಅನ್ಯರ ವಶವಾದಲ್ಲಿ ಆಗುವ ಹಾನಿ ಕಣ್ಣಿಗೆ ಕಾಣದಂಥದ್ದು. ಜಾಲತಾಣಗಳ ಹೆಸರನ್ನು ವಿಳಾಸಕ್ಕೆ ಪರಿವರ್ತಿಸಿಕೊಡುವ ಡಿ.ಎನ್.ಎಸ್. ಎಂಬ ವ್ಯವಸ್ಥೆಯನ್ನು ಅವರು ತಮ್ಮ ಕಡೆಗೆ ತಿರುಗಿಸಬಲ್ಲರು. ಆಗ ಗ್ರಾಹಕರು ಬ್ಯಾಂಕಿನ ಹೆಸರನ್ನು ಸರಿಯಾಗಿ ನಮೂದಿಸಿದರೂ ತೆರೆಯುವುದು ನಕಲಿ ಪುಟವಾಗಿರಬಹುದು. ಆದುದರಿಂದ ಬ್ಯಾಂಕಿನ ಪುಟ ತೆರೆಯುವಾಗ ಭದ್ರತಾ ಪ್ರಮಾಣಪತ್ರದ ಎಚ್ಚರಿಕೆ ಕಾಣಿಸಿಕೊಂಡಲ್ಲಿ ಅದನ್ನು ಕಡೆಗಣಿಸಿ ಮುಂದುವರಿಯಬಾರದು.

4. ವೈ-ಫೈ ಪಾಸ್‌ವರ್ಡ್: ಒಂದು ಲೆಕ್ಕ

ಸಂಪರ್ಕ ಅಳವಡಿಸಲು ಬರುವ ತಂತ್ರಜ್ಞರು ಗ್ರಾಹಕರಿಗೆ ನೆನಪಿರಲೆಂದು ಅವರ ಮೊಬೈಲ್ ಸಂಖ್ಯೆಯನ್ನೇ ಪಾಸ್‌ವರ್ಡ್ ಆಗಿ ನಮೂದಿಸಿ ಹೋಗುವುದುಂಟು. ಇದು ಎಷ್ಟು ಭದ್ರ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಡಬ್ಲ್ಯು.ಪಿ.ಎ.2 ಎಂಬ ಪ್ರಚಲಿತ ಭದ್ರತಾ ವಿಧಾನದಲ್ಲಿ, ಒಂದು ಉಪಕರಣವು ರೂಟರ್‌ಗೆ ಸೇರುವ ಕ್ಷಣದ ರೇಡಿಯೋ ಸಂಕೇತವನ್ನು ಹೊರಗಿನಿಂದ ಒಮ್ಮೆ ದಾಖಲಿಸಿಕೊಂಡರೆ, ನಂತರ ತಮ್ಮ ಮನೆಯಲ್ಲಿಯೇ ಕುಳಿತು ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಪರೀಕ್ಷಿಸಲು ಸಾಧ್ಯ. ಇಂದಿನ ಒಂದು ಶಕ್ತಿಶಾಲಿ ಗ್ರಾಫಿಕ್ಸ್ ಕಾರ್ಡ್ ಸೆಕೆಂಡಿಗೆ 10 ಲಕ್ಷ ಪದಗಳನ್ನು ಪರೀಕ್ಷಿಸುತ್ತದೆಂದು ಇಟ್ಟುಕೊಳ್ಳೋಣ.

- ಜನ್ಮದಿನಾಂಕ: ನೂರು ವರ್ಷಗಳಲ್ಲಿರುವ ಒಟ್ಟು ದಿನಾಂಕಗಳು ಸುಮಾರು 36,500. ಒಂದು ಸೆಕೆಂಡೂ ಬೇಕಿಲ್ಲ.
- ಯಾವುದೇ 8 ಅಂಕಿಗಳು: ಒಟ್ಟು 10 ಕೋಟಿ ಸಾಧ್ಯತೆಗಳು. ಹೆಚ್ಚೆಂದರೆ 100 ಸೆಕೆಂಡು.
- ಮೊಬೈಲ್ ಸಂಖ್ಯೆ: 6ರಿಂದ 9ರ ಒಳಗಿನ ಅಂಕಿಯಿಂದ ಆರಂಭವಾಗುವ 10 ಅಂಕಿಗಳು. ಒಟ್ಟು 400 ಕೋಟಿ ಸಾಧ್ಯತೆಗಳು. ಹೆಚ್ಚೆಂದರೆ 1 ಗಂಟೆ 7 ನಿಮಿಷ.
- 5,000 ಪದಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ಆಯ್ದ 4 ಪದಗಳು: ಎಲ್ಲವನ್ನೂ ಪರೀಕ್ಷಿಸಲು ಸುಮಾರು 20 ವರ್ಷ.
- ಅದೇ ರೀತಿಯ 5 ಪದಗಳು: ಸುಮಾರು 1 ಲಕ್ಷ ವರ್ಷ.

ಮೇಲ್ಕಂಡ ಲೆಕ್ಕದಿಂದ ತಿಳಿದುಬರುವುದೇನೆಂದರೆ, ಪಾಸ್‌ವರ್ಡ್‌ನ ಬಲವಿರುವುದು ವಿಚಿತ್ರ ಚಿಹ್ನೆಗಳಲ್ಲಿ ಅಲ್ಲ, ಉದ್ದದಲ್ಲಿ ಹಾಗೂ ಊಹೆಗೆ ನಿಲುಕದಿರುವುದರಲ್ಲಿ. ವೈ-ಫೈ ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಒಂದಕ್ಕೊಂದು ಸಂಬಂಧವಿಲ್ಲದ ಐದು ಕನ್ನಡ ಪದಗಳನ್ನು, ಉದಾಹರಣೆಗೆ ಹಲಸು, ಗಡಿಯಾರ, ಮಗ್ಗ, ಏಣಿ, ಕಂಬಳಿ ಎಂಬಂತೆ ಆಯ್ದುಕೊಂಡು, ಇಂಗ್ಲಿಷ್ ಲಿಪಿಯಲ್ಲಿ ಒಂದರ ಪಕ್ಕ ಒಂದು ಬರೆದರೆ ನೆನಪಿಡುವುದೂ ಸುಲಭ. ಇಲ್ಲಿ ನೀಡಿರುವ ಉದಾಹರಣೆಯನ್ನೇ ಬಳಸಬಾರದು. ಗಾದೆ, ಹಾಡಿನ ಸಾಲು, ಮನೆದೇವರ ಹೆಸರು, ವಾಹನದ ಸಂಖ್ಯೆಗಳನ್ನೂ ಬಳಸಬಾರದು.

ಪಾಸ್‌ವರ್ಡನ್ನು ಬರೆದಿಡಬಾರದೆಂಬ ಅಭಿಪ್ರಾಯವಿದೆ. ಬ್ಯಾಂಕ್ ಪಾಸ್‌ಪುಸ್ತಕ ಇಡುವ ಸ್ಥಳದಲ್ಲಿಯೇ ಒಂದು ಪುಸ್ತಕದಲ್ಲಿ ಬರೆದಿಡುವುದರಿಂದ ತೊಂದರೆಯಿಲ್ಲ. ಬಂದುಹೋಗುವವರಿಗೆ ಕಾಣುವಂತೆ ರೂಟರ್‌ನ ಮೇಲೆ ಅಂಟಿಸುವುದು ಮಾತ್ರ ತಪ್ಪು.

ವೈ-ಫೈನ ಹೆಸರಿನಲ್ಲಿ ಮನೆಯವರ ಹೆಸರು, ಫ್ಲ್ಯಾಟ್ ಸಂಖ್ಯೆ ಅಥವಾ ರೂಟರ್‌ನ ಮಾದರಿ ಇರದಂತೆ ನೋಡಿಕೊಳ್ಳುವುದು ಒಳ್ಳೆಯದು.

5. ಭದ್ರತಾ ವಿಧಾನದ ಆಯ್ಕೆ

ಆಡಳಿತ ಪುಟದ ವೈರ್‌ಲೆಸ್ ವಿಭಾಗದಲ್ಲಿ ಭದ್ರತಾ ವಿಧಾನಗಳ ಪಟ್ಟಿ ಇರುತ್ತದೆ. ಇವುಗಳ ಪೈಕಿ ಡಬ್ಲ್ಯು.ಇ.ಪಿ. ಎಂಬುದು 1997ರದು. ಅದರ ದೌರ್ಬಲ್ಯವು 2001ರಲ್ಲಿಯೇ ಬಹಿರಂಗವಾಗಿದ್ದು, ಇಂದು ಅದನ್ನು ಕೆಲವೇ ನಿಮಿಷಗಳಲ್ಲಿ ಭೇದಿಸಬಹುದು. 2003ರ ಡಬ್ಲ್ಯು.ಪಿ.ಎ. ಒಂದು ತಾತ್ಕಾಲಿಕ ಪರಿಹಾರವಾಗಿತ್ತು. 2004ರ ಡಬ್ಲ್ಯು.ಪಿ.ಎ.2 ಇಂದಿಗೂ ಬಳಕೆಗೆ ಯೋಗ್ಯ. ಅದರಲ್ಲಿ ಎ.ಇ.ಎಸ್. ಎಂಬ ಆಯ್ಕೆಯನ್ನು ಮಾಡಿಕೊಳ್ಳತಕ್ಕದ್ದು. 2018ರಲ್ಲಿ ಬಂದ ಡಬ್ಲ್ಯು.ಪಿ.ಎ.3 ಎಲ್ಲಕ್ಕಿಂತ ಉತ್ತಮ. ಹಿಂದಿನ ಕಂಡಿಕೆಯಲ್ಲಿ ವಿವರಿಸಿದಂತೆ ಸಂಕೇತವನ್ನು ದಾಖಲಿಸಿಕೊಂಡು ಬೇರೆಡೆ ಪರೀಕ್ಷಿಸುವ ಉಪಾಯವನ್ನು ತಡೆಯುವಂತೆ ಅದನ್ನು ರೂಪಿಸಲಾಗಿದೆ. ಮನೆಯ ಹಳೆಯ ಉಪಕರಣಗಳು ಅದಕ್ಕೆ ಹೊಂದಿಕೊಳ್ಳದಿದ್ದಲ್ಲಿ, 2 ಮತ್ತು 3 ಎರಡನ್ನೂ ಒಳಗೊಂಡ ಮಿಶ್ರ ಆಯ್ಕೆಯನ್ನು ಬಳಸಬಹುದು. ಭದ್ರತೆ ರಹಿತ ಎಂಬ ಆಯ್ಕೆಯನ್ನು ಯಾವ ಕಾರಣಕ್ಕೂ ಮಾಡಬಾರದು.

6. ನಿಷ್ಕ್ರಿಯಗೊಳಿಸಬೇಕಾದ ಸೌಲಭ್ಯಗಳು

ಡಬ್ಲ್ಯು.ಪಿ.ಎಸ್.: ಒಂದು ಗುಂಡಿಯನ್ನು ಒತ್ತಿ ಅಥವಾ 8 ಅಂಕಿಗಳ ಸಂಖ್ಯೆಯನ್ನು ನೀಡಿ ಉಪಕರಣವನ್ನು ಸೇರಿಸುವ ಸೌಲಭ್ಯವಿದು. ಇದರ ಲೋಪವು 2011ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ರೂಟರ್ ಆ ಸಂಖ್ಯೆಯನ್ನು ಎರಡು ಭಾಗಗಳಾಗಿ ಪರಿಶೀಲಿಸುತ್ತದೆ. ಮೊದಲ ನಾಲ್ಕು ಅಂಕಿಗಳಿಗೆ 10,000 ಸಾಧ್ಯತೆಗಳು. ಉಳಿದ ನಾಲ್ಕರಲ್ಲಿ ಕೊನೆಯದು ಕೇವಲ ತಾಳೆ ನೋಡುವ ಅಂಕಿಯಾದುದರಿಂದ 1,000 ಸಾಧ್ಯತೆಗಳು. ಹೀಗೆ ಕೋಟಿಗಳಲ್ಲಿ ಇರಬೇಕಾಗಿದ್ದ ಸಂಖ್ಯೆ 11,000ಕ್ಕೆ ಇಳಿಯುತ್ತದೆ. ವೈ-ಫೈ ಪಾಸ್‌ವರ್ಡ್ ಎಷ್ಟೇ ಉದ್ದವಾಗಿದ್ದರೂ ಈ ಹಿಂಬಾಗಿಲು ತೆರೆದಿದ್ದರೆ ಪ್ರಯೋಜನವಿಲ್ಲ.

ದೂರದ ಆಡಳಿತ: ಆಡಳಿತ ಪುಟವನ್ನು ಮನೆಯ ಹೊರಗಿನಿಂದಲೂ ತೆರೆಯಲು ಅವಕಾಶ ನೀಡುವ ಈ ಸೌಲಭ್ಯವು ಸಾಮಾನ್ಯ ಗ್ರಾಹಕರಿಗೆ ಅನವಶ್ಯಕ. ಆದರೆ ಸೇವಾದಾರರೇ ಒದಗಿಸಿದ ರೂಟರ್‌ಗಳಲ್ಲಿ ಅವರು ದೋಷ ಪರಿಹಾರಕ್ಕಾಗಿ ಬಳಸುವ ಪ್ರತ್ಯೇಕ ವ್ಯವಸ್ಥೆಯೂ ಇರುತ್ತದೆ. ಅದನ್ನು ವಿಚಾರಿಸದೆ ನಿಲ್ಲಿಸಬಾರದು.

ಯು.ಪಿ.ಎನ್.ಪಿ.: ಮನೆಯ ಉಪಕರಣಗಳು ತಮಗೆ ತಾವೇ ಹೊರಗಿನಿಂದ ಒಳಬರುವ ಮಾರ್ಗ ತೆರೆದುಕೊಳ್ಳಲು ಇದು ಅನುವು ಮಾಡಿಕೊಡುತ್ತದೆ. ಕೆಲವು ಆಟಗಳಿಗೆ ಇದರ ಅವಶ್ಯಕತೆ ಇರಬಹುದು. ಅವಶ್ಯಕತೆ ಇಲ್ಲದವರು ನಿಲ್ಲಿಸುವುದು ಸೂಕ್ತ.

ವೈ-ಫೈ ಹೆಸರನ್ನು ಮರೆಮಾಡುವುದು ದೊಡ್ಡ ಭದ್ರತೆಯೆಂದು ಹಲವರು ನಂಬಿದ್ದಾರೆ. ಉಪಕರಣಗಳು ಸೇರುವಾಗ ಆ ಹೆಸರು ಹೇಗೂ ಪ್ರಸಾರವಾಗುವುದರಿಂದ, ಹುಡುಕುವವರಿಗೆ ಅದು ಸಿಕ್ಕೇ ಸಿಗುತ್ತದೆ. ಉತ್ತಮ ಪಾಸ್‌ವರ್ಡ್‌ಗೆ ಇದು ಬದಲಿಯಲ್ಲ.

7. ಅತಿಥಿಗಳು, ಬಾಡಿಗೆದಾರರು ಮತ್ತು ನೆರೆಹೊರೆ

ಮನೆಗೆ ಬಂದವರು ವೈ-ಫೈ ಪಾಸ್‌ವರ್ಡ್ ಕೇಳಿದಾಗ ಇಲ್ಲವೆನ್ನುವುದು ಸಂಕೋಚದ ವಿಷಯ. ಇದಕ್ಕಾಗಿಯೇ ಹೆಚ್ಚಿನ ರೂಟರ್‌ಗಳಲ್ಲಿ ಅತಿಥಿ ಜಾಲವೆಂಬ ಸೌಲಭ್ಯವಿದೆ. ಇದಕ್ಕೆ ಬೇರೆ ಹೆಸರು, ಬೇರೆ ಪಾಸ್‌ವರ್ಡ್ ಇರುತ್ತದೆ. ಅತಿಥಿಗಳಿಗೆ ಅಂತರ್ಜಾಲ ದೊರೆಯುತ್ತದೆ, ಮನೆಯ ಗಣಕಯಂತ್ರಗಳು ಅವರಿಗೆ ಕಾಣುವುದಿಲ್ಲ. ಸಮಾರಂಭ ಮುಗಿದ ನಂತರ ಈ ಪಾಸ್‌ವರ್ಡನ್ನು ಬದಲಾಯಿಸಿದರೆ ಸಾಕು. ಸ್ಮಾರ್ಟ್ ಟಿ.ವಿ. ಮೊದಲಾದ, ನವೀಕರಣ ವಿರಳವಾಗಿ ದೊರೆಯುವ ಉಪಕರಣಗಳನ್ನೂ ಈ ಜಾಲದಲ್ಲಿಯೇ ಇಡುವುದು ಕ್ಷೇಮ.

ಆದರೆ ಒಂದು ಅಂಶವನ್ನು ಮರೆಯಬಾರದು. ಅತಿಥಿ ಜಾಲವೂ ಅದೇ ಐ.ಪಿ. ವಿಳಾಸದಿಂದಲೇ ಹೊರಹೋಗುತ್ತದೆ. ಪಕ್ಕದ ಮನೆಯವರಿಗೆ ಅಥವಾ ಮಹಡಿಯ ಬಾಡಿಗೆದಾರರಿಗೆ ಕಾಯಂ ಆಗಿ ಸಂಪರ್ಕ ಹಂಚಿಕೊಟ್ಟು ತಿಂಗಳ ಶುಲ್ಕದಲ್ಲಿ ಪಾಲು ಪಡೆಯುವ ರೂಢಿ ಅನೇಕ ಕಡೆ ಇದೆ. ಪಾಲಾಗುವುದು ಶುಲ್ಕ ಮಾತ್ರ, ಹೊಣೆಯಲ್ಲ. ಹಂಚಿಕೊಳ್ಳುವ ಮುನ್ನ ಸೇವಾದಾರರ ಷರತ್ತುಗಳನ್ನು ಓದಿಕೊಳ್ಳತಕ್ಕದ್ದು.

ಅನ್ಯರ ವೈ-ಫೈ ಅನ್ನು ಅನುಮತಿಯಿಲ್ಲದೆ ಬಳಸುವುದು ಸಹ ಅಪರಾಧವಾಗಬಲ್ಲದು. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ ಕಲಂ 43ರಲ್ಲಿ ಹೇಳಿರುವ ಅನಧಿಕೃತ ಪ್ರವೇಶವನ್ನು ವಂಚನೆಯ ಅಥವಾ ಅಪ್ರಾಮಾಣಿಕ ಉದ್ದೇಶದಿಂದ ಮಾಡಿದಲ್ಲಿ, ಕಲಂ 66ರಂತೆ 3 ವರ್ಷಗಳವರೆಗೆ ಕಾರಾವಾಸ ಅಥವಾ 5 ಲಕ್ಷ ರೂಪಾಯಿಗಳವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಈ ವಿಷಯವನ್ನು ಮನೆಯ ಮಕ್ಕಳಿಗೂ ತಿಳಿಸಿಕೊಡುವುದು ಹಿರಿಯರ ಕರ್ತವ್ಯ.

8. ತಂತ್ರಾಂಶದ ನವೀಕರಣ

ರೂಟರ್ ಸಹ ಒಂದು ಗಣಕಯಂತ್ರವೇ. ಅದರೊಳಗಿನ ತಂತ್ರಾಂಶಕ್ಕೆ ಫರ್ಮ್‌ವೇರ್ ಎಂದು ಹೆಸರು. ಅದರಲ್ಲಿ ಕಂಡುಬರುವ ಲೋಪಗಳನ್ನು ತಯಾರಕರು ಕಾಲಕಾಲಕ್ಕೆ ಸರಿಪಡಿಸಿ ಬಿಡುಗಡೆ ಮಾಡುತ್ತಾರೆ. 2018ರಲ್ಲಿ 'ವಿ.ಪಿ.ಎನ್. ಫಿಲ್ಟರ್' ಎಂಬ ದುಷ್ಟ ತಂತ್ರಾಂಶವು 54 ದೇಶಗಳಲ್ಲಿ ಕನಿಷ್ಠ 5 ಲಕ್ಷ ರೂಟರ್ ಮತ್ತಿತರ ಉಪಕರಣಗಳನ್ನು ಹೊಕ್ಕಿದ್ದು ಬೆಳಕಿಗೆ ಬಂದಿತು. ಅದಕ್ಕೆ ಗುರಿಯಾದವುಗಳಲ್ಲಿ ಮೊದಲೇ ತಿಳಿದಿದ್ದ ಲೋಪಗಳು ಉಳಿದುಕೊಂಡಿದ್ದ ಉಪಕರಣಗಳು ಅನೇಕ.

ಸ್ವಯಂಚಾಲಿತ ನವೀಕರಣದ ಆಯ್ಕೆ ಇದ್ದಲ್ಲಿ ಅದನ್ನು ಸಕ್ರಿಯಗೊಳಿಸತಕ್ಕದ್ದು. ಇಲ್ಲದಿದ್ದಲ್ಲಿ ಮೂರು ತಿಂಗಳಿಗೊಮ್ಮೆ ಆಡಳಿತ ಪುಟದಲ್ಲಿ ಪರಿಶೀಲಿಸಬೇಕು. ನವೀಕರಣ ನಡೆಯುತ್ತಿರುವಾಗ ವಿದ್ಯುತ್ ಕಡಿತವಾದರೆ ರೂಟರ್ ನಿರುಪಯುಕ್ತವಾಗುವ ಸಂಭವವಿರುವುದರಿಂದ, ಕಡಿತದ ವೇಳೆಯನ್ನು ನೋಡಿಕೊಂಡು ಈ ಕೆಲಸ ಮಾಡುವುದು ಲೇಸು. ಸೇವಾದಾರರು ನೀಡಿದ ರೂಟರ್‌ಗೆ ಸಾಮಾನ್ಯವಾಗಿ ಅವರೇ ನವೀಕರಣ ಕಳುಹಿಸುತ್ತಾರೆ. ತಯಾರಕರು ನವೀಕರಣ ನಿಲ್ಲಿಸಿದ ಹಳೆಯ ರೂಟರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೂ ಅದನ್ನು ಬದಲಾಯಿಸುವುದು ಸೂಕ್ತ.

9. ರೂಟರ್ ಇಡುವ ಸ್ಥಳ ಮತ್ತು ವೇಗ

ವೇಗ ಕಡಿಮೆಯೆಂಬ ದೂರುಗಳಲ್ಲಿ ಹಲವು, ರೂಟರನ್ನು ಇಟ್ಟಿರುವ ಸ್ಥಳದಿಂದ ಉಂಟಾದವು. ಟಿ.ವಿ.ಯ ಹಿಂಭಾಗ, ಕಬ್ಬಿಣದ ಬೀರುವಿನ ಒಳಗೆ, ಕನ್ನಡಿ ಅಥವಾ ನೀರಿನ ತೊಟ್ಟಿಯ ಪಕ್ಕ ಇಟ್ಟಲ್ಲಿ ಸಂಕೇತವು ಕುಗ್ಗುತ್ತದೆ. ಲೋಹವು ರೇಡಿಯೋ ತರಂಗಗಳನ್ನು ಪ್ರತಿಫಲಿಸುತ್ತದೆ, ನೀರು ಹೀರಿಕೊಳ್ಳುತ್ತದೆ. ಕಬ್ಬಿಣದ ಸರಳುಗಳಿರುವ ಕಾಂಕ್ರೀಟ್ ಛಾವಣಿಯನ್ನೂ, ಹಳೆಯ ಮನೆಗಳ ದಪ್ಪ ಕಲ್ಲಿನ ಗೋಡೆಗಳನ್ನೂ ದಾಟುವುದು ಅದಕ್ಕೆ ಕಷ್ಟ. ಮನೆಯ ಮಧ್ಯಭಾಗದಲ್ಲಿ, ಎದೆಯೆತ್ತರಕ್ಕಿಂತ ಮೇಲೆ, ತೆರೆದ ಸ್ಥಳದಲ್ಲಿ ಇಡುವುದು ಉತ್ತಮ.

ಹೆಚ್ಚಿನ ರೂಟರ್‌ಗಳು ಎರಡು ತರಂಗಪಟ್ಟಿಗಳಲ್ಲಿ ಕೆಲಸ ಮಾಡುತ್ತವೆ. 2.4 ಗಿಗಾಹರ್ಟ್ಸ್ ದೂರ ತಲುಪುತ್ತದೆ, ಆದರೆ ನಿಧಾನ. ನೆರೆಮನೆಗಳ ರೂಟರ್‌ಗಳು, ಬ್ಲೂಟೂತ್ ಮತ್ತು ಮೈಕ್ರೋವೇವ್ ಒಲೆ ಎಲ್ಲವೂ ಅದೇ ಪಟ್ಟಿಯಲ್ಲಿ ಇರುವುದರಿಂದ ಅಲ್ಲಿ ದಟ್ಟಣೆಯೂ ಹೆಚ್ಚು. 5 ಗಿಗಾಹರ್ಟ್ಸ್ ವೇಗವಾದುದು, ಆದರೆ ಗೋಡೆಗಳ ಮುಂದೆ ಬೇಗ ಸೋಲುತ್ತದೆ. ರೂಟರ್ ಇರುವ ಕೋಣೆಯಲ್ಲಿ ಎರಡನೆಯದನ್ನೂ, ದೂರದ ಕೋಣೆಯಲ್ಲಿ ಮೊದಲನೆಯದನ್ನೂ ಬಳಸಬಹುದು. 2.4ರಲ್ಲಿ ಚಾನೆಲ್ ಆಯ್ಕೆ ಮಾಡುವುದಾದರೆ ಒಂದರ ಮೇಲೊಂದು ಬೀಳದ 1, 6 ಮತ್ತು 11ರ ಪೈಕಿ ದಟ್ಟಣೆ ಕಡಿಮೆಯಿರುವುದನ್ನು ಆಯ್ದುಕೊಳ್ಳತಕ್ಕದ್ದು. ಸ್ಥಾನ ಬದಲಿಸದ ಗಣಕಯಂತ್ರ, ಟಿ.ವಿ.ಗಳಿಗೆ ತಂತಿಯ ಸಂಪರ್ಕವೇ ಶ್ರೇಷ್ಠ.

ವೇಗದ ಲೆಕ್ಕದಲ್ಲಿಯೂ ಒಂದು ಗೊಂದಲವಿದೆ. ಯೋಜನೆಗಳಲ್ಲಿ ನಮೂದಿಸುವ 100 ಎಂಬುದು ಸೆಕೆಂಡಿಗೆ 100 ಮೆಗಾಬಿಟ್. ಕಡತ ಇಳಿಸಿಕೊಳ್ಳುವಾಗ ತೆರೆಯ ಮೇಲೆ ಕಾಣುವುದು ಹಲವೊಮ್ಮೆ ಮೆಗಾಬೈಟ್. 8 ಬಿಟ್‌ಗಳಿಗೆ 1 ಬೈಟ್. ಆದುದರಿಂದ 100ರ ಯೋಜನೆಯಲ್ಲಿ ಸೆಕೆಂಡಿಗೆ 12.5 ಮೆಗಾಬೈಟ್ ಕಂಡುಬಂದರೆ ಅದು ಪೂರ್ಣ ವೇಗವೇ.

ದೂರು ನೀಡುವ ಮುನ್ನ ಗಣಕಯಂತ್ರವನ್ನು ತಂತಿಯ ಮೂಲಕ ರೂಟರ್‌ಗೆ ಸೇರಿಸಿ ವೇಗವನ್ನು ಅಳೆಯತಕ್ಕದ್ದು. ತಂತಿಯಲ್ಲಿ ಪೂರ್ಣ ವೇಗವಿದ್ದು ವೈ-ಫೈನಲ್ಲಿ ಕಡಿಮೆಯಿದ್ದರೆ ದೋಷ ಮನೆಯೊಳಗಿನದು. ತಂತಿಯಲ್ಲಿಯೂ ಕಡಿಮೆಯಿದ್ದರೆ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿಯ ಅಳತೆಗಳನ್ನು ದಿನಾಂಕ ಸಹಿತ ಬರೆದಿಟ್ಟುಕೊಂಡು ದೂರು ದಾಖಲಿಸಿ, ದೂರಿನ ಸಂಖ್ಯೆಯನ್ನು ಪಡೆಯಬೇಕು. ಪರಿಹಾರ ತೃಪ್ತಿಕರವಾಗಿಲ್ಲದಿದ್ದಲ್ಲಿ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಲು ಆ ಸಂಖ್ಯೆಯೇ ಆಧಾರ. ನಾರುತಂತಿಯ ಸಂಪರ್ಕಗಳಲ್ಲಿ 'ಲಾಸ್' ಎಂಬ ಕೆಂಪು ದೀಪ ಹೊತ್ತಿದ್ದರೆ ಹೊರಗಿನಿಂದ ಬೆಳಕಿನ ಸಂಕೇತವೇ ಬರುತ್ತಿಲ್ಲವೆಂದು ಅರ್ಥ. ಆಗ ರೂಟರ್ ವ್ಯವಸ್ಥೆಗಳನ್ನು ಬದಲಾಯಿಸುತ್ತಾ ಕೂರದೆ ನೇರವಾಗಿ ಸೇವಾದಾರರಿಗೆ ತಿಳಿಸತಕ್ಕದ್ದು.

10. ವಿದ್ಯುತ್, ಸಿಡಿಲು ಮತ್ತು ಧೂಳು

ಸುಮಾರು 10 ವ್ಯಾಟ್ ಬಳಸುವ ರೂಟರ್ ತಿಂಗಳೆಲ್ಲ ಚಾಲನೆಯಲ್ಲಿದ್ದರೆ ತಗಲುವುದು 7 ಯೂನಿಟ್‌ಗಳಷ್ಟು ವಿದ್ಯುತ್. ನವೀಕರಣಗಳು ಹೆಚ್ಚಾಗಿ ರಾತ್ರಿಯ ವೇಳೆ ಬರುವುದರಿಂದ ಪ್ರತಿದಿನ ಆರಿಸುವ ಅಗತ್ಯವಿಲ್ಲ. ಹಲವು ದಿನ ಪರಊರಿಗೆ ತೆರಳುವಾಗ ಆರಿಸುವುದು ಒಳ್ಳೆಯದು. ರೂಟರ್‌ನ ಮೇಲೆ ಬಟ್ಟೆ ಹೊದಿಸಬಾರದು. ಗಾಳಿಕಿಂಡಿಗಳ ಧೂಳನ್ನು ಒಣ ಕುಂಚದಿಂದ ತೆಗೆಯುತ್ತಿರಬೇಕು. ಅಡಾಪ್ಟರ್ ಕೆಟ್ಟಾಗ ಅದೇ ವೋಲ್ಟ್ ಹಾಗೂ ಕನಿಷ್ಠ ಅಷ್ಟೇ ಆಂಪಿಯರ್ ಇರುವುದನ್ನೇ ಕೊಳ್ಳತಕ್ಕದ್ದು.

ಏಪ್ರಿಲ್ ಮತ್ತು ಮೇ ತಿಂಗಳ ಗುಡುಗು ಮಳೆಯಲ್ಲಿ, ವಿಶೇಷವಾಗಿ ಮಲೆನಾಡು ಮತ್ತು ಕರಾವಳಿಯಲ್ಲಿ, ಸಿಡಿಲಿನಿಂದ ರೂಟರ್‌ಗಳು ಸುಟ್ಟುಹೋಗುವುದುಂಟು. ಗುಡುಗು ಆರಂಭವಾಗುವ ಮುನ್ನವೇ ಅಡಾಪ್ಟರನ್ನು ಗೋಡೆಯಿಂದ ಕಳಚತಕ್ಕದ್ದು. ತಾಮ್ರದ ದೂರವಾಣಿ ತಂತಿಯಿದ್ದರೆ ಅದನ್ನೂ ಕಳಚಬೇಕು. ಸ್ವಿಚ್ ಆರಿಸುವುದಷ್ಟೇ ಸಾಲದು.

11. ಸಂಶಯ ಬಂದಾಗ ಮತ್ತು ವಿಲೇವಾರಿ ಮಾಡುವಾಗ

ಆಡಳಿತ ಪುಟದಲ್ಲಿ ಸದ್ಯ ಸೇರಿರುವ ಉಪಕರಣಗಳ ಪಟ್ಟಿ ಲಭ್ಯವಿರುತ್ತದೆ. ಅಪರಿಚಿತ ಹೆಸರುಗಳು ಕಂಡುಬಂದಲ್ಲಿ ಮನೆಯ ಮೊಬೈಲ್‌ಗಳನ್ನು ಒಂದೊಂದಾಗಿ ಆರಿಸಿ ತಾಳೆ ನೋಡತಕ್ಕದ್ದು. ಸಂಶಯ ಉಳಿದರೆ ವೈ-ಫೈ ಪಾಸ್‌ವರ್ಡ್ ಬದಲಾಯಿಸಿದರೆ ಎಲ್ಲರ ಸಂಪರ್ಕವೂ ಕಡಿದು, ತಿಳಿಸಿದವರಿಗೆ ಮಾತ್ರ ಮತ್ತೆ ದೊರೆಯುತ್ತದೆ. ಆಡಳಿತ ಪಾಸ್‌ವರ್ಡ್ ಕೆಲಸ ಮಾಡದಿದ್ದರೆ ಅಥವಾ ವ್ಯವಸ್ಥೆಗಳು ತಾವಾಗಿ ಬದಲಾಗಿದ್ದರೆ ಮರುಹೊಂದಿಕೆ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಮೂಲ ಸ್ಥಿತಿಗೆ ತಂದು, ಎಲ್ಲವನ್ನೂ ಹೊಸದಾಗಿ ನಮೂದಿಸಬೇಕು. ಅದಕ್ಕೆ ಮುನ್ನ ಸಂಪರ್ಕದ ಬಳಕೆದಾರ ಹೆಸರು ಹಾಗೂ ಪಾಸ್‌ವರ್ಡನ್ನು ಸೇವಾದಾರರಿಂದ ಪಡೆದಿಟ್ಟುಕೊಳ್ಳತಕ್ಕದ್ದು.

ಸೋಂಕು ತಗುಲಿದ ಗಣಕಯಂತ್ರಗಳನ್ನು ಶುದ್ಧಗೊಳಿಸುವ ಉಚಿತ ತಂತ್ರಾಂಶಗಳು ಕೇಂದ್ರ ಸರ್ಕಾರದ ಸೈಬರ್ ಸ್ವಚ್ಛತಾ ಕೇಂದ್ರದಲ್ಲಿ ದೊರೆಯುತ್ತವೆ. 2017ರ ಫೆಬ್ರವರಿಯಲ್ಲಿ ಆರಂಭವಾದ ಈ ಕೇಂದ್ರವನ್ನು ಸರ್ಟ್-ಇನ್ ಸಂಸ್ಥೆ ನಿರ್ವಹಿಸುತ್ತಿದೆ. ಹಣ ಕಳೆದುಕೊಂಡಲ್ಲಿ ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡತಕ್ಕದ್ದು.

ಹಳೆಯ ರೂಟರನ್ನು ಮಾರುವಾಗ ಅಥವಾ ಗುಜರಿಗೆ ಹಾಕುವಾಗ ಮೇಲ್ಕಂಡಂತೆ ಮೂಲ ಸ್ಥಿತಿಗೆ ತರುವುದನ್ನು ಮರೆಯಬಾರದು. ಸಂಪರ್ಕದ ಬಳಕೆದಾರ ಹೆಸರು, ಪಾಸ್‌ವರ್ಡ್ ಎಲ್ಲವೂ ಅದರೊಳಗೆ ಉಳಿದಿರುತ್ತವೆ. ಸಂಪರ್ಕವನ್ನೇ ರದ್ದುಪಡಿಸಿದಲ್ಲಿ ಅದರ ಲಿಖಿತ ದೃಢೀಕರಣವನ್ನು ಪಡೆದಿಟ್ಟುಕೊಳ್ಳುವುದು ಒಳಿತು.

12. ಸಾರಾಂಶ

ಗ್ರಾಹಕರು ಈ ಕೆಳಕಂಡ ಕ್ರಮಗಳನ್ನು ಇದೇ ಅನುಕ್ರಮದಲ್ಲಿ ಕೈಗೊಳ್ಳಬಹುದು.

1) ಆಡಳಿತ ಪಾಸ್‌ವರ್ಡ್ ಬದಲಾವಣೆ.
2) ಐದು ಪದಗಳ ವೈ-ಫೈ ಪಾಸ್‌ವರ್ಡ್.
3) ಡಬ್ಲ್ಯು.ಪಿ.ಎ.2 ಅಥವಾ 3ರ ಆಯ್ಕೆ.
4) ಡಬ್ಲ್ಯು.ಪಿ.ಎಸ್. ಮತ್ತು ಹೊರಗಿನಿಂದ ಆಡಳಿತದ ಸೌಲಭ್ಯ ನಿಷ್ಕ್ರಿಯ.
5) ಸ್ವಯಂಚಾಲಿತ ನವೀಕರಣ ಸಕ್ರಿಯ.
6) ಬಂದವರಿಗೆ ಅತಿಥಿ ಜಾಲ.
7) ಸೇರಿರುವ ಉಪಕರಣಗಳ ಪಟ್ಟಿಯ ಪರಿಶೀಲನೆ, ತಿಂಗಳಿಗೊಮ್ಮೆ.

ಸಮಯದ ಅಭಾವವಿರುವವರು ಮೊದಲ ಎರಡನ್ನಾದರೂ ಇಂದೇ ಮಾಡಿಕೊಳ್ಳುವುದು. ಮನೆಯಲ್ಲಿ ವಯೋವೃದ್ಧರಷ್ಟೇ ಇದ್ದು ಸಂಪರ್ಕವು ಅವರ ಹೆಸರಿನಲ್ಲಿದ್ದರೆ, ಊರಿಗೆ ಬರುವ ಮಕ್ಕಳು ಈ ಕೆಲಸವನ್ನು ತಾವೇ ಮಾಡಿಕೊಟ್ಟು, ಪಾಸ್‌ವರ್ಡ್‌ಗಳನ್ನು ಪುಸ್ತಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಟ್ಟು ಹೋಗುವುದು ಸೂಕ್ತ. ಅವರ ಹೆಸರಿನ ಖಾತೆಯಲ್ಲಿ ಅವರು ಮಾಡದ ಖರ್ಚು ಬೀಳದಂತೆ ನೋಡಿಕೊಳ್ಳಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.